ಬಿಸಿ ಸುರುಳಿ ಆರುವ ತನಕ

ಕಮಲಾಪುರದ ಮದುವೆಮನೆಗೆ ವಧುವೇ ಫೋನ್ ಮಾಡಿ ಕರೆದಳೆಂದು ಅವಳ ಕೂದಲು ಗುಂಗುರು ಮಾಡಲು ಹೋಗಿದ್ದೆ. ಅವಳ ಸೋದರತ್ತೆ ಬಾಗಿಲಲ್ಲೇ ಹೇಳಿದರು: "ನಿಶ್ಚಿತಾರ್ಥದಾಗ ಬ್ಯಾರೆಯಾಕಿ ಮಾಡಿದ್ಲು. ಫೋಟೋ ತೆಗೆಯೋದ್ರಾಗ ಎಲ್ಲಾ ಇಳಿದು ನೆಟ್ಟಗಾದ್ವು. ಹುಡುಗಿ ಭಾಳ ಅತ್ತಳ್ರಿ."

ವಧುವಿನ ಕೂದಲು ದಪ್ಪ, ಭಾರ. ನಾನು ಸಣ್ಣ ಸಣ್ಣ ಎಳೆ ತೆಗೆದು ಬಿಸಿ ಮಷಿನ್‌ಗೆ ಸುತ್ತಿ, ಬಿಟ್ಟ ಕೂಡಲೇ ಸುರುಳಿಯನ್ನು ಹಾಗೇ ಮಡಚಿ ಪಿನ್ ಹಾಕುತ್ತ ಹೋದೆ. ತಲೆತುಂಬ ಪಿನ್ ಇರುವಾಗಲೇ ಹೊರಗೆ ಗಂಡಿನ ಕಡೆಯವರ ಕಾರು ಬಂದು ನಿಂತಿತು.

"ಜಲ್ದಿ ಪಿನ್ ತೆಗೀರಿ!" ಎನ್ನುತ್ತ ಸೋದರತ್ತೆ ತಾವೇ ಕೈ ಹಾಕಿದರು. ನಾನು ಆ ಕೈ ಹಿಡಿದುಬಿಟ್ಟೆ.

"ಬ್ಯಾಡ್ರಿ. ಬಿಸಿ ಇದ್ದಾಗ ಬಿಟ್ರ ಮತ್ತ ಇಳೀತಾವ. ಪೂರ್ತಿ ಆರ್ಲಿ."

ಅವರ ಮುಖ ಕೆಂಪಾಯಿತು. ನಾನು ಕೈ ಬಿಡಲಿಲ್ಲ. ಕೊನೆಗೆ ವಧುವೇ ಬಾಯಿಬಿಟ್ಟಳು: "ಗಂಡಿನವರು ಕಾಯ್ಲಿ ಬಿಡು, ಅತ್ತಿ. ಇವತ್ತು ನಾ ಅಳಂಗಿಲ್ಲ."

ಸುರುಳಿಗಳು ತಣ್ಣಗಾದ ಮೇಲೆ ಪಿನ್ ತೆಗೆದೆ. ಬಾಚಣಿಗೆ ಮುಟ್ಟಿಸದೆ ಬೆರಳಲ್ಲೇ ಬಿಡಿಸಿ ಸ್ಪ್ರೇ ಹೊಡೆದೆ. ಆರತಕ್ಷತೆ, ಫೋಟೋ, ಊಟ, ಕುಣಿತ ಎಲ್ಲ ಮುಗಿದರೂ ಒಂದೇ ಒಂದು ಸುರುಳಿ ಇಳಿಯಲಿಲ್ಲ. ವಧು ದೂರದಿಂದಲೇ ತಲೆ ಅಲ್ಲಾಡಿಸಿ ನನಗೆ ತೋರಿಸಿ ನಕ್ಕಳು.

ಸೋದರತ್ತೆ ನನ್ನನ್ನು ಬೀಗರ ಮುಂದೆ ಎಳೆದುಕೊಂಡು ಹೋಗಿ, "ಇವರನ್ನ ನಾನೇ ಹುಡುಕಿ ಕರಸಿದ್ದು!" ಎಂದರು.

ನಾನು ಅಲ್ಲ ಅನ್ನಲಿಲ್ಲ. ಸೋದರತ್ತೆಗೆ ಮದುವೆ ವಯಸ್ಸಿಗೆ ಬಂದ ಮೂವರು ಹೆಣ್ಣುಮಕ್ಕಳಿದ್ದಾರೆ.