ಫಿದ್ದಾಳ ಹೆಸರಿಲ್ಲದ ವಂಶವೃಕ್ಷ

ಕರಕ್ ಊರಿನ ಹೆಣ್ಣುಮಕ್ಕಳ ಶಾಲೆಯಲ್ಲಿ ಚರಿತ್ರೆ ಕಲಿಸಿ ನಿವೃತ್ತಳಾದ ನಜ್ಲಾ, ಆಮೇಲಿನ ಹನ್ನೊಂದು ವರ್ಷವನ್ನು ತನ್ನ ಕುಲದ ಮುದುಕಿಯರ ಬಾಯಿ ಬಿಡಿಸುವುದರಲ್ಲೇ ಕಳೆದಳು. ಕೇಳಿದ್ದನ್ನೆಲ್ಲ ಮೂರು ದಪ್ಪ ನೋಟ್‌ಬುಕ್ಕುಗಳಲ್ಲಿ ಬರೆದಿಟ್ಟಳು. ಕುಲದ ಮೂಲ ಫಿದ್ದಾ ಎಂಬ ವಿಧವೆ. ದೂರದ ಹೌರಾನ್ ಸೀಮೆಯಿಂದ ಇಬ್ಬರು ಮಕ್ಕಳನ್ನು ಕತ್ತೆಯ ಮೇಲೆ ಕೂರಿಸಿಕೊಂಡು ನಡೆದು ಬಂದವಳು. ಕಂಡವರ ಹೊಲದಲ್ಲಿ ಬಾರ್ಲಿ ಕೊಯ್ದು ಅವರನ್ನು ಸಾಕಿದವಳು. ನಜ್ಲಾಳ ಅಜ್ಜನ ಕಾಲದವರೆಗೂ ಊರು ಇವರನ್ನು ‘ಫಿದ್ದಾಳ ಮಕ್ಕಳು’ ಎಂದೇ ಕರೆಯುತ್ತಿತ್ತು.

ವಂಶವೃಕ್ಷ ಅಚ್ಚು ಹಾಕಿಸುತ್ತೇನೆಂದು ಚಿಕ್ಕಪ್ಪನ ಮಗ ಖಲಫ್ ಆ ನೋಟ್‌ಬುಕ್ಕುಗಳನ್ನು ಒಯ್ದ. ಆರು ತಿಂಗಳಲ್ಲಿ ಕುಲದ ಸಭಾಮನೆಯ ಗೋಡೆಗೆ ಆಳೆತ್ತರದ ಪಟ ಬಂತು. ನಜ್ಲಾ ಕನ್ನಡಕ ಒರೆಸಿಕೊಂಡು ನೋಡಿದಳು. ಬುಡದಲ್ಲಿ ಯಾರೂ ಕೇಳಿರದ ಯಾವನೋ ಅಮೀರನ ಹೆಸರು. ಕೊಂಬೆಕೊಂಬೆಯಲ್ಲೂ ಗಂಡಸರು. ಒಬ್ಬಳಾದರೂ ಹೆಂಗಸಿಲ್ಲ.

“ಫಿದ್ದಾ ಎಲ್ಲೋ?”

“ನಿಧಾನ ಅಕ್ಕಾ, ಜನ ಇದಾರೆ,” ಎಂದು ಖಲಫ್ ಕಾಫಿಯ ಬಟ್ಟಲು ಚಾಚಿದ. “ಬುಡದಲ್ಲಿ ಹೆಂಗಸಿನ ಹೆಸರು ಹಾಕಿದ್ರೆ ಬೇರೆ ಕುಲದೋರು ನಗಲ್ವಾ? ಅದೂ ಕೂಲಿ ಮಾಡ್ದೋಳು.”

“ಅವಳು ಕೂಲಿ ಮಾಡದೇ ಇದ್ದಿದ್ರೆ ನೀನೆಲ್ಲಿರ್ತಿದ್ದೆ? ಈ ಅಮೀರ ನಿಂಗೆಲ್ಲಿ ಸಿಕ್ಕಿದ?”

“ತಿಳಿದೋರು ಹುಡುಕಿಕೊಟ್ರು.”

“ನನ್ನ ನೋಟ್‌ಬುಕ್ ಕೊಡು.”

ಅವನು ಕಪಾಟಿನಿಂದ ತೆಗೆದುಕೊಟ್ಟ. ಮೊದಲನೆಯದನ್ನು ಬಿಡಿಸಿದರೆ ಫಿದ್ದಾಳ ಹದಿನಾಲ್ಕು ಪುಟ ಬ್ಲೇಡಿನಲ್ಲಿ ನೀಟಾಗಿ ಕತ್ತರಿಸಿ ತೆಗೆದಿದ್ದರು. ಆ ಕಥೆ ಹೇಳಿದ್ದ ಸೋದರತ್ತೆ ಸತ್ತು ನಾಲ್ಕು ವರ್ಷವಾಗಿತ್ತು. ನಜ್ಲಾ ಚೀಲದಿಂದ ಕಪ್ಪು ಮಾರ್ಕರ್ ತೆಗೆದು, ಅಮೀರನ ಹೆಸರಿನ ಮೇಲೆ ಗೀಟೆಳೆದು, ಕರಿಹಲಗೆಯ ಮೇಲೆ ಬರೆಯುವಷ್ಟು ದೊಡ್ಡ ಅಕ್ಷರದಲ್ಲಿ ‘ಫಿದ್ದಾ’ ಎಂದು ಬರೆದಳು.

“ಮರ್ಯಾದೆ ತೆಗೆದೆ!” ಎಂದು ಕೂಗಿದವನು ಖಲಫ್ ಅಲ್ಲ, ಅವಳ ಸ್ವಂತ ಅಣ್ಣ. ಅಂದಿನಿಂದ ಅವನು ಅವಳ ಮನೆಗೆ ಕಾಲಿಡಲಿಲ್ಲ. ಪಟ ಮತ್ತೆ ಅಚ್ಚಾಗಿ, ಗಾಜಿನ ಹಿಂದೆ ಸೇರಿತು. ಅಮೀರ ಅಲ್ಲೇ ಉಳಿದ.

ಹತ್ತು ದಿನ ಬಿಟ್ಟು ಖಲಫನ ಹೆಂಡತಿಯ ತಾಯಿ, ಅಂದು ಸಭಾಮನೆಯಲ್ಲೇ ಕೂತಿದ್ದ ಉಮ್ಮ್ ಝಯ್ದಾನ್, ಕೋಲೂರಿಕೊಂಡು ಬಂದಳು. “ನನ್ನಜ್ಜಿ ಫಿದ್ದಾನ ಕಣ್ಣಾರೆ ಕಂಡಿದ್ಲು ಮಗಳೇ. ಬರ್ಕೊಳ್ತೀಯಾ?”

“ಇಷ್ಟು ವರ್ಷ ಎಲ್ಲಿದ್ರಿ? ಅವತ್ತು ನಿಮ್ಮ ಅಳಿಯನ ಮುಂದೆ ಬಾಯಿ ಬಿಡೋಕೇನಾಗಿತ್ತು?” ನಜ್ಲಾ ಸಿಡಿದಳು.

“ಹೆದರಿಕೆ ಆಗಿತ್ತು,” ಎಂದಳು ಮುದುಕಿ, ಮುಚ್ಚುಮರೆಯಿಲ್ಲದೆ.

ನಜ್ಲಾಳ ಸಿಟ್ಟು ಇಳಿಯಲಿಲ್ಲ. ಕುರ್ಚಿಯನ್ನು ದರದರ ಎಳೆದು ಹಾಕಿ, ಹೊಸ ನೋಟ್‌ಬುಕ್ ತೆರೆದು, “ಹೇಳಿ,” ಎಂದಳು.