ಮುಚ್ಚಳದ ಸ್ವಿಚ್ಚಿಗೆ ಕಟ್ಟಿದ ರಬ್ಬರ್

ಯಮನಪ್ಪ, ಮುಚ್ಚಳದ ಸ್ವಿಚ್ಚಿಗೆ ರಬ್ಬರ್ ಕಟ್ಟಿದವನು ನೀನಲ್ಲ. ನಾನು — ನಿನ್ನ ಕೈ ತುಂಡಾದ ಮೇಲೆ.

ಕಾರ್ಕಳದ ಆ ಹಂಚಿನ ಕಾರ್ಖಾನೆಯಲ್ಲಿ ಕರೆಂಟಿನ ಕೆಲಸವೆಲ್ಲ ನನ್ನದು. ಮಣ್ಣು ಕಲಸುವ ಯಂತ್ರ ನಿನ್ನದು. ಮುಚ್ಚಳ ತೆರೆದಿದ್ದರೆ ಅಲಗುಗಳು ತಿರುಗಬಾರದು — ಅದನ್ನು ಕಾಯುತ್ತಿದ್ದುದು ಒಂದು ಹಳೆಯ ಪಿಎಲ್‌ಸಿ, ಯಂತ್ರಕ್ಕೆ ಅಪ್ಪಣೆ ಕೊಡುವ ಪೆಟ್ಟಿಗೆ. ಅದಕ್ಕೆ ಮುಚ್ಚಳ ಗೊತ್ತಿಲ್ಲ, ಮನುಷ್ಯನ ಕೈ ಗೊತ್ತಿಲ್ಲ. ಯಾವ ನಂಬರಿನ ಇನ್‌ಪುಟ್ಟಿಗೆ ಕರೆಂಟು ಬಂತು, ಅಷ್ಟೇ ಗೊತ್ತು. ಮಳೆಗಾಲದ ತೇವಕ್ಕೆ ಮುಚ್ಚಳದ ಇನ್‌ಪುಟ್ ಸುಟ್ಟುಹೋಯಿತು. ಅದರ ವಯರನ್ನು ಖಾಲಿ ಜಾಗಕ್ಕೆ ಬದಲಿಸಿದೆ. ನಂಬರುಗಳು ಅಳಿಸಿಹೋಗಿದ್ದವು, ಸೊನ್ನೆಯಿಂದ ಬೆರಳಿಟ್ಟು ಎಣಿಸಿ, ಪ್ರೋಗ್ರಾಮಿನಲ್ಲಿ ಹತ್ತು ಎಂದು ಹಾಕಿದೆ. ಆ ಪೆಟ್ಟಿಗೆಯ ಲೆಕ್ಕದಲ್ಲಿ ಏಳಾದ ಮೇಲೆ ಎಂಟು, ಒಂಬತ್ತು ಇಲ್ಲ — ನೇರ ಹತ್ತು; ನಾನೆಣಿಸಿದ ಹತ್ತು ಅದಕ್ಕೆ ಹನ್ನೆರಡು. ನನಗೆ ಗೊತ್ತಿತ್ತು. ಗೊತ್ತಿದ್ದೂ… ಅದರ ಹತ್ತರಲ್ಲಿದ್ದುದು ತೊಟ್ಟಿಯಲ್ಲಿ ಮಣ್ಣು ತುಂಬಿದೆ ಎಂದು ಹೇಳುವ ವಯರು. ತೊಟ್ಟಿ ತುಂಬಿರುವಷ್ಟು ಹೊತ್ತೂ ಪೆಟ್ಟಿಗೆಯ ಪಾಲಿಗೆ ಮುಚ್ಚಳ ಹಾಕಿಯೇ ಇತ್ತು. ಒಮ್ಮೆ ಮುಚ್ಚಳ ತೆಗೆದು ನೋಡಿದ್ದರೆ ತಿಳಿಯುತ್ತಿತ್ತು. ನೋಡಲಿಲ್ಲ.

ನೀನು ಯಂತ್ರ ನಿಲ್ಲಿಸಿ, ಸಿಕ್ಕಿಕೊಂಡ ಕಲ್ಲು ಕೀಳಲು ತೋಳು ಇಳಿಸಿದ್ದೆ. ಆಚೆ ಬದಿಯಲ್ಲಿದ್ದ ಫೋರ್‌ಮನ್ ಶೇಖರಣ್ಣನಿಗೆ ಕಂಡದ್ದು ಮುಚ್ಚಳ ಹಾಕಿದೆ ಎನ್ನುವ ಹಸಿರು ದೀಪ ಮಾತ್ರ.

"ಹಸಿರು ಉಂಟಲ್ಲ, ಇನ್ನು ಎಂತ ಕಾಯುವುದು ಮಾರಾಯ!"

ಬಟನ್ ಒತ್ತಿದರು. ಎಲುಬು ಮುರಿದ ಸದ್ದು ಮೋಟರಿನ ಸದ್ದನ್ನೂ ಮೀರಿ ಕೇಳಿತು. ಯಂತ್ರದ ಬಾಯಿಂದ ಮಣ್ಣು ಬಂತು, ಮಣ್ಣಿನ ಜೊತೆ ನಿನ್ನ ಬೆರಳು.

ನಿನ್ನನ್ನು ಮಣಿಪಾಲಕ್ಕೆ ಒಯ್ಯುವ ಗದ್ದಲದಲ್ಲಿ ನಾನು ಪ್ರೋಗ್ರಾಮಿನ ಹತ್ತನ್ನು ಹನ್ನೆರಡು ಮಾಡಿ ಸರಿಪಡಿಸಿದೆ. ಆಮೇಲೆ ಸೈಕಲ್ ಟ್ಯೂಬಿನ ತುಂಡಿನಿಂದ ಸ್ವಿಚ್ಚನ್ನು ಒತ್ತಿ ಕಟ್ಟಿದೆ — ಮುಚ್ಚಳ ತೆರೆದರೂ ಹಾಕಿದೆ ಎಂದೇ ಪೆಟ್ಟಿಗೆ ತಿಳಿಯುವಂತೆ. ಕೆಲಸ ಬೇಗ ಮುಗಿಯಲೆಂದು ಎಲ್ಲರೂ ಸ್ವಿಚ್ಚನ್ನು ಹಾಗೆ ಒತ್ತಿ ಕಟ್ಟುವುದಿತ್ತು. ನೀನೊಬ್ಬ ಕಟ್ಟುತ್ತಿರಲಿಲ್ಲ.

ರಬ್ಬರ್ ನೋಡಿದ ಶೇಖರಣ್ಣನಿಗೆ ಹುಚ್ಚು ಹಿಡಿದಂತಾಯಿತು. ಅಲ್ಲೇ ಕೆಲಸಕ್ಕಿದ್ದ ನಿನ್ನ ತಮ್ಮ ಬಸಪ್ಪ ಅಡ್ಡ ಬಂದ. "ನಮ್ಮಣ್ಣ ಕಟ್ಟಿಲ್ರೀ! ಅವಾ ಅಂಥಾ ಮನಷ್ಯಾ ಅಲ್ಲ!"

"ನನ್ನ ಕೈಯಲ್ಲಿ ಈ ಪಾಪ ಮಾಡಿಸಿದಿರಲ್ಲ!" — ಶೇಖರಣ್ಣ ಅಳುತ್ತಲೇ ಹಲಗೆಯಿಂದ ಅವನ ಬಾಯಿಗೆ ಬಾರಿಸಿದರು. ಮತ್ತೆ ಬಾರಿಸಿದರು. ಹಲ್ಲು ನನ್ನ ಚಪ್ಪಲಿಯ ಹತ್ತಿರ ಬಂದು ಬಿತ್ತು. "ಮಾಡಿದ್ದುಣ್ಣೋ ಮಹಾರಾಯ" ಎಂದರು ಯಾರೋ. ನಾನೂ ತಲೆಯಾಡಿಸಿದೆ. ತಪ್ಪು ನಿನ್ನದೇ ಎಂದು ಬರೆದು ನಿನ್ನನ್ನು ಹೊರಹಾಕಿದರು.

ಮೊನ್ನೆ ಕಾಪು ಪೇಟೆಯಲ್ಲಿ ನೀನೇ ಕೂಗಿ ಕರೆದೆ. ಅಲೆವೂರಿನಲ್ಲಿ ತಮ್ಮನ ಜೊತೆಗಿದ್ದೇನೆ ಎಂದೆ. ಆಮೇಲೆ ಮೊಂಡುಗೈ ನೋಡಿಕೊಂಡು, "ತಪ್ಪು ನಂದೇ ಇರಬೇಕ್ರೀ ಸರ. ರಬ್ಬರ್ ಕಟ್ಟಿದ್ದು ನೆನಪ ಆಗವಲ್ದು, ಆದ್ರ ಕಟ್ಟಿರಬೇಕು."

ಎಲ್ಲರೂ ಹೇಳಿ ಹೇಳಿ, ನೀನೂ ನಂಬಿಬಿಟ್ಟಿದ್ದೀಯ.

ನಾಳೆ ಇದನ್ನೆಲ್ಲ ಹೇಳಲು ಬರುತ್ತೇನೆ, ಶೇಖರಣ್ಣನನ್ನೂ ಕರೆದುಕೊಂಡು. ಬಸಪ್ಪ ಮನೆಯಲ್ಲೇ ಇರಲಿ. ಅವನ ಕೈಯಲ್ಲಿ ಹಲಗೆ ಇದ್ದರೂ ಇರಲಿ — ನಾನು ಬಾಗಿಲ ಬಳಿ ನಿಲ್ಲುವುದಿಲ್ಲ, ಒಳಗೆ ಬಂದು ಕೂರುತ್ತೇನೆ.