ಮುಚ್ಚಳ ತೆರೆದಿದೆ

ಮಕ್ಕಳೇ, ದೆವ್ವ ಕಂಡೆ, ದೇವರು ಮೈಮೇಲೆ ಬಂದ ಎನ್ನುವವರನ್ನು ಕಂಡರೆ ನನಗೆ ಮೊದಲಿನಿಂದಲೂ ತಾತ್ಸಾರ. ಅಣಶಿ ಕಾಡಿನ ದಾರಿಯಲ್ಲಿ ಬಿಳಿ ಸೀರೆಯವಳನ್ನು ಕಂಡೆನೆಂದವನಿಗೆ, ಅದಕ್ಕೂ ಮೊದಲು ಎಲ್ಲಿ ಕುಡಿದು ಬಂದಿದ್ದೆ ಎಂದು ಯಾರೂ ಕೇಳುವುದಿಲ್ಲ. ನಾನೂ ಕೇಳಿದವಳಲ್ಲ. ನಾಲ್ಕು ಜನರ ನಡುವೆ ಬಾಯಿ ತೆರೆಯುವ ಧೈರ್ಯ ನನಗಿಲ್ಲ. ಮನಸ್ಸಿನಲ್ಲೇ ನಕ್ಕು ಸುಮ್ಮನಾಗುತ್ತಿದ್ದೆ. ಈಗ ನನ್ನದೇ ಒಂದು ಸಂಗತಿ ಬರೆಯುತ್ತಿದ್ದೇನೆ. ನಗುವುದಿದ್ದರೆ ನಗಿರಿ. ಇದು ನಡೆದದ್ದು ರಾತ್ರಿಯಲ್ಲ, ಮಟಮಟ ಮಧ್ಯಾಹ್ನ.

ನಿಮ್ಮ ಅಜ್ಜ ತೀರಿಹೋದ ಮೇಲೆ ನಾನು ಸಾಂಬ್ರಾಣಿ ಊರಿನ ಹತ್ತಿರದ ನಮ್ಮ ಹಳ್ಳಿಯ ಹೆಣ್ಣುಮಕ್ಕಳ ಹಾಲಿನ ಸಂಘದಲ್ಲಿ ಕೆಲಸಕ್ಕೆ ಸೇರಿದೆ. ಮನೆಮನೆಯ ಹಾಲನ್ನು ಒಂದು ದೊಡ್ಡ ಸ್ಟೀಲ್ ಟ್ಯಾಂಕಿನಲ್ಲಿ ತಂಪಾಗಿಟ್ಟು ಟ್ಯಾಂಕರ್ ಬಂದಾಗ ಧಾರವಾಡಕ್ಕೆ ಕಳಿಸುತ್ತಿದ್ದೆವು. ಟ್ಯಾಂಕ್ ತೊಳೆಯುವುದು, ಕೋಣೆಯ ಕೀಲಿ ಕಾಯುವುದು ನನ್ನ ಕೆಲಸ. ಒಮ್ಮೆ ಹಾಲಿನಲ್ಲಿ ಹಲ್ಲಿ ಬಿದ್ದು ಇಡೀ ಟ್ಯಾಂಕಿನ ಹಾಲನ್ನು ಚರಂಡಿಗೆ ಬಿಟ್ಟಿದ್ದೆವು. ಇನ್ನೊಮ್ಮೆ ಹಾಗಾದರೆ ನನ್ನನ್ನು ಕೆಲಸದಿಂದ ಬಿಡಿಸುವುದಾಗಿ ಅಧ್ಯಕ್ಷೆ ನೀಲವ್ವ ಎಲ್ಲರೆದುರು ಹೇಳಿದ್ದಳು. ಆ ಸಂಬಳದಲ್ಲೇ ನಮ್ಮ ಮನೆ ನಡೆಯುತ್ತಿತ್ತು.

ಆ ಬೇಸಿಗೆಯಲ್ಲಿ ಟ್ಯಾಂಕಿಗೆ ಇಂಟರ್ನೆಟ್ ಜೋಡಿಸಲು ಹುಬ್ಬಳ್ಳಿಯಿಂದ ಒಬ್ಬ ಟೆಕ್ನಿಷಿಯನ್ ಬಂದ. ಹಾಲು ಬೆಚ್ಚಗಾದರೆ ಟ್ಯಾಂಕೇ ಇಮೇಲ್ ಕಳಿಸುತ್ತದಂತೆ. ಅಂಗೈ ಹಚ್ಚಿದರೆ ತಿಳಿಯುವ ವಿಷಯಕ್ಕೆ ಅಷ್ಟೊಂದು ವೈರು. ನೀಲವ್ವ ತನ್ನ ಇಮೇಲ್ ಕೊಟ್ಟಳು, ಕಾರ್ಯದರ್ಶಿ ತನ್ನದು ಕೊಟ್ಟಳು, ಕೀಲಿ ನನ್ನ ಬಳಿ ಇರುವುದರಿಂದ ನನ್ನ ಫೋನಿನಲ್ಲೂ ಒಂದು ಖಾತೆ ತೆರೆದರು. ನನಗೆ ಇಂಗ್ಲಿಷ್ ಬಾರದೆಂದು ಅವನು ‘ಹಾಲು ಬೆಚ್ಚಗಾಗಿದೆ’ ಎಂಬ ಸಾಲನ್ನು ಕನ್ನಡದಲ್ಲೇ ಬರೆದ. ಬಿಸಿ ಅಳೆಯುವ ಸೆನ್ಸರನ್ನು ಬಿಸಿನೀರಿನ ಲೋಟದಲ್ಲಿ ಅದ್ದಿದ. ಮೂವರ ಫೋನುಗಳೂ ಸದ್ದು ಮಾಡಿದವು. ನೀಲವ್ವ ಹಿಗ್ಗಿ ಆ ವೈರುಗಳ ಡಬ್ಬಿಗೆ ಕುಂಕುಮ ಹಚ್ಚಿ ತೆಂಗಿನಕಾಯಿ ಒಡೆಸಿದಳು.

“ಅಕ್ಕಾ, ಇನ್ಮ್ಯಾಲ ನೀ ಕಾಲು ಚಾಚಿ ಮಲಕೋ. ನಿನಕಿಂತ ಶಾಣ್ಯಾ ಐತಿ ಈ ಟ್ಯಾಂಕು,” ಎಂದಳು. ಎಲ್ಲರೂ ನಕ್ಕರು. ನಾನು ಸೆರಗು ಸರಿಮಾಡಿಕೊಂಡು ಕಾಯಿಚೂರು ಹಂಚಿದೆ.

ಅವನು ಸೆನ್ಸರನ್ನು ಟ್ಯಾಂಕಿನೊಳಗೆ ಕೂಡಿಸಿ ಸಾಮಾನು ಕಟ್ಟಿಕೊಂಡು ಹೋದ. ನಾನು ಬಾಗಿಲಿಗೆ ಬೀಗ ಹಾಕಿ ಮನೆಗೆ ಬಂದೆ. ಊಟ ಮುಗಿಸಿ ಪಾತ್ರೆ ತಿಕ್ಕುತ್ತಿದ್ದಾಗ ಫೋನು ಅದೇ ಸದ್ದು ಮಾಡಿತು. ಕೈ ಒರೆಸಿಕೊಂಡು ನೋಡಿದರೆ ‘ಮುಚ್ಚಳ ತೆರೆದಿದೆ’ ಎಂದು ಬಂದಿತ್ತು. ಕೂಡಿಸಿ ಹೋದ ದಿನವೇ ಹುಚ್ಚು ಹಿಡಿಯಿತೇ ಇದಕ್ಕೆ ಎಂದುಕೊಂಡು ಮತ್ತೆ ಪಾತ್ರೆಗೆ ಕೈ ಹಾಕಿದೆ. ಆದರೆ ಮನಸ್ಸು ತಡೆಯಲಿಲ್ಲ. ಬಿಸಿಲಲ್ಲೇ ಹೊರಟೆ.

ಬೀಗ ನಾನು ಹಾಕಿದಂತೆಯೇ ಇತ್ತು. ಒಳಗೆ ಟ್ಯಾಂಕಿನ ಮುಚ್ಚಳ ನಾಲ್ಕು ಬೆರಳಷ್ಟು ಎದ್ದಿತ್ತು. ಆ ಮಹಾಶಯ ಕೈ ಒರೆಸಿದ ಬಟ್ಟೆಯನ್ನು ಅದರ ಸಂದಿಯಲ್ಲೇ ಸಿಕ್ಕಿಸಿ ಹೋಗಿದ್ದ. ಬಾಗಿಲು ಹಾಕುವಾಗ ನಾನೂ ನೋಡಿರಲಿಲ್ಲ. ಬಟ್ಟೆಯ ಪಕ್ಕದಲ್ಲಿ, ಒಳಗಿನ ಅಂಚಿಗೆ, ಹಾಲಿನ ಕಡೆ ತಲೆ ಮಾಡಿ ಒಂದು ಹಲ್ಲಿ ಕೂತಿತ್ತು.

ಶಬ್ದ ಮಾಡಿದರೆ ಅದು ಹಾಲಿಗೇ ಬೀಳುತ್ತಿತ್ತು. ಉಸಿರು ಹಿಡಿದು, ಸೆರಗನ್ನು ಅದರ ಕೆಳಗೆ ಮೆಲ್ಲಗೆ ಚಾಚಿ, ಒಮ್ಮೆಲೇ ಸುತ್ತಿ ಹೊರಗೆ ಒಯ್ದು ಕೊಡವಿದೆ. ಟಾರ್ಚ್ ಹಿಡಿದು ನೋಡಿದೆ, ಹಾಲು ಶುದ್ಧವಾಗಿತ್ತು. ಬಟ್ಟೆ ತೆಗೆದು ಮುಚ್ಚಳ ಹಾಕಿ ಅಲ್ಲೇ ನೆಲದ ಮೇಲೆ ಕುಳಿತೆ.

ನೀಲವ್ವನಿಗಾಗಲಿ ಕಾರ್ಯದರ್ಶಿಗಾಗಲಿ ಆ ಇಮೇಲ್ ಬಂದಿರಲಿಲ್ಲ. ಆದರೂ ನನ್ನಿಂದ ಸಂಗತಿ ಕೇಳಿದ ನೀಲವ್ವ ಟ್ಯಾಂಕಿನ ಬುದ್ಧಿಯನ್ನು ಊರೆಲ್ಲ ಹೊಗಳಿಕೊಂಡು ಬಂದಳು. ಕೆಲವು ದಿನಗಳ ಮೇಲೆ ಟೆಕ್ನಿಷಿಯನ್ ಮತ್ತೆ ಬಂದಾಗ ನಾನು ಫೋನು ತೋರಿಸಿದೆ. ಅವನು ಅದನ್ನು ಎರಡು ಸಲ ಓದಿದ.

“ಮುಚ್ಚಳಕ್ಕ ಸೆನ್ಸರ್ ಹಾಕೇ ಇಲ್ರೀ ಅಮ್ಮಾರ. ಈ ಸಾಲು ನಾ ಬರದದ್ದಲ್ಲ,” ಎಂದ.

ಯಂತ್ರದ ದಾಖಲೆ ತೆಗೆದು ನೋಡಿದ. ಆ ದಿನ ಅದು ಕಳಿಸಿದ್ದು ಬಿಸಿನೀರಿನ ಲೋಟದ ಸಂದೇಶ ಮಾತ್ರ. ಬೇಕೆಂದೇ ಮುಚ್ಚಳ ಎತ್ತಿ ಇಬ್ಬರೂ ನಿಂತೆವು. ನನ್ನ ಫೋನು ಸದ್ದು ಮಾಡಲಿಲ್ಲ. ಸರ್ವರಿನ ದೋಷ ಇರಬೇಕೆಂದ, ನೆಲ ನೋಡುತ್ತ. ತನ್ನ ಬಟ್ಟೆ ಎಲ್ಲಿದೆಯೆಂದು ತಿಳಿಯದವನಿಗೆ ಸರ್ವರಿನ ಒಳಗೆ ಏನಿದೆಯೆಂದು ತಿಳಿದಿತ್ತು. ನೀಲವ್ವನ ಪ್ರಕಾರ ಅದು ಊರದೇವತೆ ದ್ಯಾಮವ್ವನ ಕೃಪೆ. ನಿಮ್ಮ ಅಜ್ಜ ಜ್ವರದಲ್ಲಿ ಬೇಯುತ್ತಿದ್ದಾಗ ಒಂದು ಸೂಚನೆಯನ್ನೂ ಕೊಡದ ದ್ಯಾಮವ್ವ ಒಂದು ಹಲ್ಲಿಗಾಗಿ ಇಮೇಲ್ ಕಲಿತಳೇ?

ಎರಡನ್ನೂ ನಾನು ನಂಬಲಿಲ್ಲ. ಬೇರೆ ಉತ್ತರವೂ ನನಗೆ ಸಿಕ್ಕಿಲ್ಲ. ಈಗ ಸಂಘದಲ್ಲಿ ಯಾರೂ ಟ್ಯಾಂಕಿನ ಕಡೆ ತಿರುಗಿಯೂ ನೋಡುವುದಿಲ್ಲ, ಏನಾದರೂ ಆದರೆ ಅದೇ ಹೇಳುತ್ತದೆ ಎನ್ನುತ್ತಾರೆ. ನಾನು ಮಾತ್ರ ಮನೆಗೆ ಹೊರಡುವ ಮೊದಲು ಮುಚ್ಚಳವನ್ನು ಎರಡೂ ಕೈಯಿಂದ ಒತ್ತಿ ನೋಡುತ್ತೇನೆ. ಅಂದು ನನಗೆ ಹೇಳಿದ್ದು ಯಾರೆಂದು ಗೊತ್ತಿದ್ದರೆ ನಾನೂ ನೆಚ್ಚಿಕೊಂಡು ಹೋಗಬಹುದಿತ್ತು.